ಇಸ್ಟಿಯೋ ಹಾಕಿದ ಮೇಲೂ ಟ್ರೇಸ್ ತುಂಡುತುಂಡಾಗಿ ಬರುತ್ತಿದೆ, ಒಂದೇ ಎಳೆಯಾಗಿ ನೋಡುವುದು ಹೇಗೆ?

ಹಾಲಿನ_ಕೋಡು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಾಲಿನ ಸಂಘಗಳಿಗೆ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಬ್ಯಾಕೆಂಡ್ ಕೆಲಸ ನನ್ನದು. ಹಳ್ಳಿಯ ಡೇರಿಯಲ್ಲಿ ರೈತರು ಹಾಲು ಹಾಕುತ್ತಾರೆ. ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನ ಅಂಶ) ಅಳತೆ ಆಗಿ ನಮ್ಮ ಸರ್ವರ್‌ಗೆ ಬರುತ್ತದೆ. ನಾವು ದರ ಲೆಕ್ಕ ಹಾಕಿ, ಅವರ ಖಾತೆಗೆ ಬರೆದು, ಮೊಬೈಲ್‌ಗೆ ಎಸ್‌ಎಂಎಸ್ ಕಳಿಸಬೇಕು. ಚೀಟಿ ಪ್ರಿಂಟ್ ಆಗುವ ತನಕ ಕ್ಯಾನ್ ಹಿಡಿದು ನಿಂತವರು ಹೊರಡುವ ಹಾಗಿಲ್ಲ, ಅವರ ಹಿಂದೆ ಸಾಲು ಬೆಳೆಯುತ್ತಲೇ ಇರುತ್ತದೆ.

ಬೆಳಿಗ್ಗೆ ಆರರಿಂದ ಎಂಟರ ತನಕ ಲೋಡ್ ಜಾಸ್ತಿ. ಆ ಹೊತ್ತಿನಲ್ಲಿ ಕೆಲವು ರಿಕ್ವೆಸ್ಟ್‌ಗಳು ನಾಲ್ಕೈದು ಸೆಕೆಂಡ್ ಎಳೆಯುತ್ತಿವೆ. ಯಾವ ಸರ್ವಿಸ್‌ನಲ್ಲಿ ನಿಲ್ಲುತ್ತಿವೆ ಅಂತ ಹುಡುಕಲು ಟ್ರೇಸಿಂಗ್ (ಒಂದು ರಿಕ್ವೆಸ್ಟ್ ಯಾವ ಯಾವ ಸರ್ವಿಸ್ ದಾಟಿತು, ಎಲ್ಲಿ ಎಷ್ಟು ಹೊತ್ತು ಹಿಡಿಯಿತು ಅನ್ನುವ ದಾಖಲೆ) ಹಾಕಿದೆವು. ಅದೇ ಈಗ ಅರ್ಥವಾಗುತ್ತಿಲ್ಲ.

ಸೆಟಪ್ ಹೀಗಿದೆ. ಕುಬರ್ನೆಟಿಸ್ ಕ್ಲಸ್ಟರ್, ಅದರ ಮೇಲೆ ಸರ್ವಿಸ್ ಮೆಶ್ ಆಗಿ ಇಸ್ಟಿಯೋ 1.24, ಸೈಡ್‌ಕಾರ್ ಮೋಡ್ (ಸರ್ವಿಸ್ ಓಡುವ ಪ್ರತಿ ಪಾಡ್‌ನಲ್ಲೂ ಟ್ರಾಫಿಕ್ ದಾಟಿಸುವ ಎನ್ವಾಯ್ ಪ್ರಾಕ್ಸಿ ಒಂದು). ಗೇಟ್‌ವೇ ದಾಟಿದ ರಿಕ್ವೆಸ್ಟ್ ಮೊದಲು ಸಂಗ್ರಹ ಸರ್ವಿಸ್‌ಗೆ ಹೋಗುತ್ತದೆ (ಜಾವಾ, ಸ್ಪ್ರಿಂಗ್ ಬೂಟ್ 3). ಅದು ದರ ಸರ್ವಿಸ್ (ಗೋ), ಆಮೇಲೆ ಖಾತೆ ಸರ್ವಿಸ್ (ಜಾವಾ) ಎರಡನ್ನೂ ಕರೆಯುತ್ತದೆ. ಖಾತೆಗೆ ಬರೆದಾದ ಮೇಲೆ ಕಾಫ್ಕಾ ಅನ್ನುವ ಮೆಸೇಜ್ ಕ್ಯೂಗೆ ಒಂದು ಮೆಸೇಜ್ ಬೀಳುತ್ತದೆ. ಅದನ್ನು ಓದಿ ಎಸ್‌ಎಂಎಸ್ ಕಳಿಸುವುದು ಒಂದು ನೋಡ್‌ಜೆಎಸ್ ಸರ್ವಿಸ್. ಮೆಶ್ ಕಾನ್ಫಿಗ್‌ನಲ್ಲಿ ಓಪನ್‌ಟೆಲಿಮೆಟ್ರಿ (ಟ್ರೇಸಿಂಗ್‌ನ ಮುಕ್ತ ಮಾನದಂಡ) ಪ್ರೊವೈಡರ್ ಕೊಟ್ಟು, ಟ್ರೇಸ್ ಒಟ್ಟುಮಾಡುವ ಕಲೆಕ್ಟರ್‌ನ 4317 ಪೋರ್ಟ್‌ಗೆ ಕಳಿಸಿ, ಯೇಗರ್ ಅನ್ನುವ ಟ್ರೇಸ್ ತೋರಿಸುವ ಟೂಲ್‌ನಲ್ಲಿ ನೋಡುತ್ತಿದ್ದೇವೆ.

ಕಾಣುವುದು ಇಷ್ಟು. ಗೇಟ್‌ವೇಯಿಂದ ಸಂಗ್ರಹ ಸರ್ವಿಸ್ ತನಕ ಒಂದು ಟ್ರೇಸ್. ಸಂಗ್ರಹದಿಂದ ದರ ಸರ್ವಿಸ್‌ಗೆ ಹೋಗಿದ್ದು ಬೇರೆಯೇ ಟ್ರೇಸ್, ಅಪ್ಪ ಅಮ್ಮ ಇಲ್ಲದ ಹಾಗೆ. ವಿಚಿತ್ರ ಅಂದ್ರೆ, ಒಬ್ಬೊಬ್ಬರ ಎಂಟ್ರಿ ಬಂದಾಗ ಇವೆರಡೂ ಸರಿಯಾಗಿ ಜೋಡಿಸಿಕೊಂಡೇ ಬರುತ್ತವೆ. ಹಳ್ಳಿಯಲ್ಲಿ ನೆಟ್‌ವರ್ಕ್ ಹೋಗಿ ಬಂದಾಗ ಮೆಶಿನ್ ಎಲ್ಲಾ ಎಂಟ್ರಿಗಳನ್ನೂ ಒಟ್ಟಿಗೆ ಕಳಿಸುತ್ತದೆ, ಆಗ ಮಾತ್ರ ತುಂಡಾಗುತ್ತದೆ. ಖಾತೆ ಸರ್ವಿಸ್ ಅಂತೂ ಯೇಗರ್‌ನಲ್ಲಿ ಕಾಣಿಸುವುದೇ ಇಲ್ಲ. ಎಸ್‌ಎಂಎಸ್‌ನದೂ ಅದೇ ಕಥೆ. ಇದರ ಮೇಲೆ, ನಿಧಾನವಾದ ರಿಕ್ವೆಸ್ಟ್ ಅಂತ ಲಾಗ್‌ನಲ್ಲಿ ಸಿಕ್ಕಿದ್ದನ್ನು ಯೇಗರ್‌ನಲ್ಲಿ ಹುಡುಕಿದರೆ ಹೆಚ್ಚಿನ ಸಲ ಇರುವುದೇ ಇಲ್ಲ.

ಮೆಶ್ ಹಾಕಿದರೆ ಕೋಡ್ ಮುಟ್ಟದೆ ಟ್ರೇಸಿಂಗ್ ಸಿಗುತ್ತದೆ ಅಂತ ಎಲ್ಲಾ ಕಡೆ ಓದಿದ್ದೆವು. ಇಸ್ಟಿಯೋದಲ್ಲಿ ಇನ್ನೂ ಏನಾದರೂ ಆನ್ ಮಾಡಬೇಕಾ?

ಧಾರವಾಡದವ

ಸರ್, ಎರಡು ವಿಷಯ ಹೇಳಿ. ಟೆಲಿಮೆಟ್ರಿ ರಿಸೋರ್ಸ್‌ನಲ್ಲಿ ಸ್ಯಾಂಪ್ಲಿಂಗ್ ಪರ್ಸೆಂಟೇಜ್ ಎಷ್ಟು ಕೊಟ್ಟಿದ್ದೀರಿ? ಖಾತೆ ಸರ್ವಿಸ್‌ನ ಕುಬರ್ನೆಟಿಸ್ ಸರ್ವಿಸ್ ಫೈಲ್‌ನಲ್ಲಿ ಪೋರ್ಟ್‌ಗೆ ಏನು ಹೆಸರಿದೆ? ಎರಡನೆಯದನ್ನು ಮೊದಲು ನೋಡ್ರಿ.

ಹಾಲಿನ_ಕೋಡು

ಸ್ಯಾಂಪ್ಲಿಂಗ್ ಏನೂ ಕೊಟ್ಟಿಲ್ಲ, ಪ್ರೊವೈಡರ್ ಹೆಸರು ಮಾತ್ರ ಇದೆ. ಖಾತೆ ಸರ್ವಿಸ್‌ನ ಪೋರ್ಟ್ ಹೆಸರು "ಟಿಸಿಪಿ-8080" ಅಂತಿದೆ. ಬಹಳ ಹಿಂದೆ ಯಾವುದೋ ಹೆಲ್ಮ್ ಚಾರ್ಟ್‌ನಿಂದ ಬಂದಿದ್ದು. ಆದರೆ ಅಲ್ಲಿ ಓಡುತ್ತಿರುವುದು ಮಾಮೂಲಿ ಎಚ್‌ಟಿಟಿಪಿ.

ಧಾರವಾಡದವ

ಹಾಗಾದರೆ ಖಾತೆ ಸರ್ವಿಸ್ ಕಾಣದಿರುವುದಕ್ಕೆ ಕಾರಣ ಸಿಕ್ಕಿತು. ಇಸ್ಟಿಯೋ ಪೋರ್ಟ್ ಹೆಸರಿನ ಮೊದಲ ಭಾಗ ನೋಡಿ ಪ್ರೋಟೋಕಾಲ್ ತೀರ್ಮಾನ ಮಾಡುತ್ತದೆ. ಹೆಸರಿನಿಂದ ಗೊತ್ತಾಗದಿದ್ದರೆ ಬರುವ ಬೈಟ್‌ಗಳನ್ನು ನೋಡಿ ತಾನೇ ಊಹಿಸುತ್ತದೆ. ಆದರೆ ನೀವೇ ಟಿಸಿಪಿ ಅಂತ ಹೇಳಿಬಿಟ್ಟರೆ ಅದನ್ನೇ ನಂಬುತ್ತದೆ. ಆಗ ಎನ್ವಾಯ್‌ಗೆ ಅದು ಬರೀ ಬೈಟ್‌ಗಳ ಹರಿವು. ಹೆಡರ್ ಇಲ್ಲ, ರಿಕ್ವೆಸ್ಟ್ ಇಲ್ಲ, ಸ್ಪ್ಯಾನ್ (ಟ್ರೇಸ್‌ನ ಒಂದು ಹೆಜ್ಜೆಯ ದಾಖಲೆ) ಕೂಡ ಇಲ್ಲ. "ಎಚ್‌ಟಿಟಿಪಿ-8080" ಅಂತ ಬದಲಾಯಿಸಿ, ಇಲ್ಲವೇ ಆ್ಯಪ್‌ಪ್ರೋಟೋಕಾಲ್ ಫೀಲ್ಡ್‌ನಲ್ಲಿ ಎಚ್‌ಟಿಟಿಪಿ ಅಂತ ಕೊಡಿ. ಬದಲಾಯಿಸುವ ಮೊದಲು ಇನ್‌ಗ್ರೆಸ್ ಅಥವಾ ಬೇರೆ ಯಾವ ಫೈಲಾದರೂ ಹಳೆಯ ಹೆಸರಿನಿಂದ ಆ ಪೋರ್ಟ್ ಹಿಡಿದಿದೆಯಾ ಅಂತ ನೋಡಿಕೊಳ್ಳಿ.

ಸ್ಯಾಂಪ್ಲಿಂಗ್ ಏನೂ ಕೊಡದಿದ್ದರೆ ಇಸ್ಟಿಯೋ ನೂರಕ್ಕೆ ಒಂದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ನೀವು ಹುಡುಕುವ ನಿಧಾನದ ರಿಕ್ವೆಸ್ಟ್ ಆ ಒಂದರಲ್ಲಿ ಸಿಗಬೇಕು ಅಂದ್ರೆ ಅದೃಷ್ಟ ಬೇಕು.

ತುಂಡಾಗುವ ವಿಷಯಕ್ಕೆ ಜಾಲರಿ ಮೇಡಂ ಬರಲಿ. ಅವರು ಇದೇ ಕೆಲಸ ಮಾಡುವವರು.

ಜಾಲರಿ

ನಿಮ್ಮ ಪ್ರಶ್ನೆಯ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ತುಂಡಾಗುವುದನ್ನು ನಿಲ್ಲಿಸಲು ಇಸ್ಟಿಯೋದಲ್ಲಿ ಆನ್ ಮಾಡುವಂಥದ್ದು ಇನ್ನೇನೂ ಉಳಿದಿಲ್ಲ. ಉಳಿದಿರುವುದು ನಿಮ್ಮ ಕೋಡ್‌ನಲ್ಲಿ. "ಕೋಡ್ ಮುಟ್ಟದೆ ಟ್ರೇಸಿಂಗ್" ಅನ್ನುವ ಮಾತನ್ನು ನಂಬಿ ಎಷ್ಟೋ ತಂಡಗಳು ವಾರಗಟ್ಟಲೆ ಮೆಶ್ ಕಾನ್ಫಿಗ್ ತಿರುವಿಹಾಕುತ್ತವೆ. ಅದನ್ನು ನೋಡಿ ನನಗೆ ನಿಜಕ್ಕೂ ಬೇಸರ. ಇಸ್ಟಿಯೋದ ಸ್ವಂತ ದಾಖಲೆಯಲ್ಲೇ ಅಪ್ಲಿಕೇಶನ್ ತಾನೇ ಟ್ರೇಸ್ ಹೆಡರ್‌ಗಳನ್ನು (ರಿಕ್ವೆಸ್ಟ್ ಜೊತೆ ಹೋಗುವ ಟ್ರೇಸ್‌ನ ಗುರುತು) ಮುಂದಕ್ಕೆ ದಾಟಿಸಬೇಕು ಅಂತ ಬರೆದಿದೆ. ಆದರೆ ಆ ಸಾಲು ಯಾರ ಸ್ಲೈಡ್‌ನಲ್ಲೂ ಇರುವುದಿಲ್ಲ.

ಸೈಡ್‌ಕಾರ್ ನಿಮ್ಮ ಪಾಡ್‌ನ ಗೇಟಿನಲ್ಲಿ ಕೂತ ವಾಚ್‌ಮನ್ ಇದ್ದ ಹಾಗೆ. ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರು, ಯಾರು ಎಷ್ಟು ಹೊತ್ತಿಗೆ ಹೊರಗೆ ಹೊರಟರು ಅಂತ ಬರೆದುಕೊಳ್ಳುತ್ತಾನೆ. ಒಳಗೆ ಹೋದ ಈ ವ್ಯಕ್ತಿಯ ಕೆಲಸಕ್ಕಾಗಿಯೇ ಆ ಇನ್ನೊಬ್ಬ ಹೊರಗೆ ಹೊರಟ ಅಂತ ಅವನಿಗೆ ಗೊತ್ತಾಗುವ ದಾರಿ ಇಲ್ಲ. ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಸಂಗ್ರಹ ಸರ್ವಿಸ್‌ನ ಒಂದು ಪಾಡ್ ಒಳಗೆ ಒಟ್ಟಿಗೇ ಎಷ್ಟು ರಿಕ್ವೆಸ್ಟ್ ಇರುತ್ತವೆ ಯೋಚನೆ ಮಾಡಿ. ಅದೇ ಹೊತ್ತಿಗೆ ದರ ಸರ್ವಿಸ್ ಕಡೆಗೆ ಹಲವು ಕಾಲ್‌ಗಳು ಹೊರಡುತ್ತವೆ, ಅದೂ ಮೊದಲೇ ತೆರೆದಿಟ್ಟ ಕನೆಕ್ಷನ್‌ಗಳ ಮೇಲೆ. ಯಾವುದು ಯಾವುದರ ಮಗು ಅಂತ ಹೇಳಬಲ್ಲದ್ದು ನಿಮ್ಮ ಜಾವಾ ಕೋಡ್ ಒಂದೇ. ಅದು ಹೇಳುವ ರೀತಿ ಇಷ್ಟೇ: ಒಳಗೆ ಬಂದ ಟ್ರೇಸ್ ಹೆಡರ್ ಅನ್ನು ಹೊರಗೆ ಹೋಗುವ ಕಾಲ್ ಮೇಲೆ ಹಾಕುವುದು. ಹಾಕದಿದ್ದರೆ ಹೊರಗಿನ ಸೈಡ್‌ಕಾರ್‌ಗೆ ಹೆಡರ್ ಕಾಣುವುದಿಲ್ಲ, ಹೊಸ ಟ್ರೇಸ್ ಶುರು ಮಾಡುತ್ತದೆ. ನೀವು ನೋಡುತ್ತಿರುವ ಅಪ್ಪ ಅಮ್ಮ ಇಲ್ಲದ ಟ್ರೇಸ್ ಅದೇ.

ಒಂದು ಹಳೆಯ ವಿಷಯ ಇಲ್ಲಿ ಹೇಳಲೇಬೇಕು. ಗೂಗಲ್‌ನವರು ತಮ್ಮ ಟ್ರೇಸಿಂಗ್ ವ್ಯವಸ್ಥೆ ಡ್ಯಾಪರ್ ಬಗ್ಗೆ 2010ರಲ್ಲಿ ಪೇಪರ್ ಬರೆದರು. ಇವತ್ತಿನ ಟ್ರೇಸಿಂಗ್ ಎಲ್ಲಾ ಅದರ ಸಂತತಿ. 2012ರಲ್ಲಿ ಟ್ವಿಟರ್ ಜಿಪ್‌ಕಿನ್ ಅನ್ನುವ ಟ್ರೇಸಿಂಗ್ ಟೂಲ್ ಬಿಡುಗಡೆ ಮಾಡಿದ್ದೂ ಅದನ್ನು ನೋಡಿಯೇ. ಡ್ಯಾಪರ್‌ನಲ್ಲಿ ಅಪ್ಲಿಕೇಶನ್ ಬರೆಯುವವರು ಹೆಚ್ಚುಕಡಿಮೆ ಏನೂ ಮಾಡಬೇಕಿರಲಿಲ್ಲ ಅನ್ನುವುದು ನಿಜ. ಆದರೆ ಅದು ಸಾಧ್ಯವಾಗಿದ್ದು ಅಲ್ಲಿ ಎಲ್ಲರೂ ಸರ್ವಿಸ್‌ಗಳು ಒಂದನ್ನೊಂದು ಕರೆಯುವುದಕ್ಕೆ ಒಂದೇ ಆರ್‌ಪಿಸಿ ಲೈಬ್ರರಿ, ಒಂದೇ ಥ್ರೆಡಿಂಗ್ ಲೈಬ್ರರಿ ಬಳಸುತ್ತಿದ್ದರಿಂದ. ಟ್ರೇಸಿಂಗ್ ಅನ್ನು ಆ ಲೈಬ್ರರಿಗಳ ಒಳಗೇ ಇಟ್ಟಿದ್ದರು. ಅಂದ್ರೆ ಕೆಲಸ ಪ್ರೋಸೆಸ್‌ನ ಒಳಗೇ ನಡೆಯುತ್ತಿತ್ತು, ಹೊರಗಿನ ಪ್ರಾಕ್ಸಿಯಲ್ಲಿ ಅಲ್ಲ. ನಮ್ಮ ನಿಮ್ಮ ಕಂಪನಿಗಳಲ್ಲಿ ಜಾವಾ, ಗೋ, ನೋಡ್, ಒಂದೊಂದಕ್ಕೆ ನಾಲ್ಕು ಎಚ್‌ಟಿಟಿಪಿ ಕ್ಲೈಂಟ್. ಅದಕ್ಕೇ ಪ್ರತಿ ಭಾಷೆಯ ಒಳಗೂ ಹೋಗಿ ನೋಡಬೇಕಾಗುತ್ತದೆ.

ಈಗ ನಿಮ್ಮ ಕೇಸ್. ಒಬ್ಬೊಬ್ಬರ ಎಂಟ್ರಿ ಸರಿ ಬರುತ್ತದೆ, ಒಟ್ಟಿಗೆ ಬಂದಾಗ ತುಂಡಾಗುತ್ತದೆ ಅಂದಿರಿ. ಒಂದೇ ಸರ್ವಿಸ್, ಒಂದೇ ಸೈಡ್‌ಕಾರ್. ಆದ್ದರಿಂದ ಮೆಶ್ ಮೇಲೆ ಅನುಮಾನ ಬೇಡ. ಎರಡು ಕೋಡ್ ದಾರಿಗಳಲ್ಲಿ ಒಂದು ಹೆಡರ್ ಕಳೆಯುತ್ತಿದೆ. ನನ್ನ ಊಹೆ: ಒಟ್ಟಿಗೆ ಬಂದವನ್ನು ನೀವು ಬೇರೆ ಥ್ರೆಡ್‌ಗಳಲ್ಲಿ ಓಡಿಸುತ್ತಿದ್ದೀರಿ.

ಊಹೆ ಸಾಲದು, ಕಣ್ಣಾರೆ ನೋಡುವುದು ಹೀಗೆ. ಸಂಗ್ರಹ ಸರ್ವಿಸ್‌ನ ಸೈಡ್‌ಕಾರ್‌ಗೆ ಆ್ಯಕ್ಸೆಸ್ ಲಾಗ್ ಆನ್ ಮಾಡಿ, ಲಾಗ್ ಫಾರ್ಮ್ಯಾಟ್‌ಗೆ ಟ್ರೇಸ್‌ಪೇರೆಂಟ್ ಹೆಡರ್ ಸೇರಿಸಿ. ಇಸ್ಟಿಯೋದ ಡೀಫಾಲ್ಟ್ ಫಾರ್ಮ್ಯಾಟ್‌ನಲ್ಲಿ ಎಕ್ಸ್-ರಿಕ್ವೆಸ್ಟ್-ಐಡಿ ಇರುತ್ತದೆ, ಇದು ಇರುವುದಿಲ್ಲ. ಬಹಳ ಜನ ಅದೇ ಐಡಿ ಹಿಡಿದು ಹೋಲಿಸುತ್ತಾರೆ, ಅದು ದಾರಿ ತಪ್ಪಿಸುತ್ತದೆ. ಓಪನ್‌ಟೆಲಿಮೆಟ್ರಿ ಲೈಬ್ರರಿ ದಾಟಿಸುವುದು ಟ್ರೇಸ್‌ಪೇರೆಂಟ್ ಅನ್ನು, ರಿಕ್ವೆಸ್ಟ್ ಐಡಿಯನ್ನಲ್ಲ. ಹಾಗಾಗಿ ಟ್ರೇಸ್ ಸರಿಯಾಗಿ ಜೋಡಿಸಿಕೊಂಡಿದ್ದರೂ ರಿಕ್ವೆಸ್ಟ್ ಐಡಿ ಬೇರೆ ಬೇರೆ ಕಾಣಬಹುದು.

ಟ್ರೇಸ್‌ಪೇರೆಂಟ್‌ನಲ್ಲಿ ಅಡ್ಡಗೆರೆ ಹಾಕಿ ಬೇರ್ಪಡಿಸಿದ ನಾಲ್ಕು ಭಾಗ ಇರುತ್ತವೆ. ಮೊದಲು 00, ಅದು ಆವೃತ್ತಿ. ಆಮೇಲೆ 32 ಅಕ್ಷರದ ಟ್ರೇಸ್ ಐಡಿ. ಆಮೇಲೆ 16 ಅಕ್ಷರದ ಸ್ಪ್ಯಾನ್ ಐಡಿ. ಕೊನೆಗೆ 01 ಅಂದ್ರೆ ಈ ಟ್ರೇಸ್ ಇಟ್ಟುಕೊಳ್ಳಿ, 00 ಅಂದ್ರೆ ಬೇಡ. ಒಂದು ರಿಕ್ವೆಸ್ಟ್ ಮಾತ್ರ ಕಳಿಸಿ. ಲಾಗ್‌ನಲ್ಲಿ ಒಳಬರುವ ಸಾಲು ಒಂದು, ದರ ಸರ್ವಿಸ್‌ಗೆ ಹೊರಹೋಗುವ ಸಾಲು ಒಂದು ಸಿಗುತ್ತದೆ. ಎರಡರಲ್ಲೂ 32 ಅಕ್ಷರದ ಭಾಗ ಒಂದೇ ಇರಬೇಕು. 16 ಅಕ್ಷರದ ಭಾಗ ಬೇರೆ ಇರಬೇಕು, ಯಾಕಂದ್ರೆ ಪ್ರತಿ ಹೆಜ್ಜೆಗೂ ಹೊಸ ಸ್ಪ್ಯಾನ್. ಒಳಗೆ ಬಂದಿದ್ದರ ಟ್ರೇಸ್ ಐಡಿ 7193ರಲ್ಲಿ ಮುಗಿದು, ಹೊರಗೆ ಹೋಗಿದ್ದು 4052ರಲ್ಲಿ ಮುಗಿದರೆ, ಕಳೆದುಹೋಗಿದ್ದು ಈ ಎರಡು ಸಾಲುಗಳ ನಡುವೆ, ನಿಮ್ಮ ಪ್ರೋಸೆಸ್‌ನ ಒಳಗೆ. ಈ ಎರಡು ಸಾಲು ನೋಡಿದ ಮೇಲೆ ಮೆಶ್ ತಂಡ, ಅಪ್ಲಿಕೇಶನ್ ತಂಡ ಅಂತ ವಾದ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಒಟ್ಟಿಗೆ ಬರುವ ಎಂಟ್ರಿಗಳ ಕೋಡ್ ಇಲ್ಲಿ ಹಾಕಿ, ಪೂರ್ತಿ ಬೇಡ. ದರ ಸರ್ವಿಸ್ ಕರೆಯುವ ಜಾಗ ಸಾಕು.

ಹಾಲಿನ_ಕೋಡು

ಮೇಡಂ, ನೋಡಿದೆ. ನೀವು ಹೇಳಿದ ಹಾಗೇ ಇದೆ. ಒಬ್ಬರ ಎಂಟ್ರಿ ಕಳಿಸಿದಾಗ ಎರಡು ಸಾಲಿನಲ್ಲೂ ಟ್ರೇಸ್ ಐಡಿ ಒಂದೇ. ಒಟ್ಟಿಗೆ ಕಳಿಸಿದಾಗ ಹೊರಹೋಗುವ ಪ್ರತಿ ಸಾಲಿಗೂ ಬೇರೆ ಐಡಿ.

ಕೋಡ್‌ನಲ್ಲಿ ಪ್ರತಿ ಎಂಟ್ರಿಗೂ ಕಂಪ್ಲೀಟಬಲ್‌ಫ್ಯೂಚರ್‌ನ ಸಪ್ಲೈಅಸಿಂಕ್ ಕರೆದು, ಕೊನೆಗೆ ಎಲ್ಲವನ್ನೂ ಜಾಯಿನ್ ಮಾಡುತ್ತಾರೆ. ಎಕ್ಸಿಕ್ಯೂಟರ್ (ಯಾವ ಥ್ರೆಡ್ ಪೂಲ್‌ನಲ್ಲಿ ಓಡಬೇಕು ಅನ್ನುವುದು) ಏನೂ ಕೊಟ್ಟಿಲ್ಲ. ಒಳಗೆ ಕರೆಯುವುದು ಎಲ್ಲಾ ಟೀಮ್‌ಗಳೂ ಬಳಸುವ ಒಂದು ಹಳೆಯ ಲೈಬ್ರರಿಯ ಫಂಕ್ಷನ್. ಅದರೊಳಗೆ ರೆಸ್ಟ್‌ಟೆಂಪ್ಲೇಟ್ (ಸ್ಪ್ರಿಂಗ್‌ನ ಎಚ್‌ಟಿಟಿಪಿ ಕ್ಲೈಂಟ್) ಅನ್ನು ನೇರವಾಗಿ "ನ್ಯೂ" ಹಾಕಿ ಮಾಡಿಕೊಂಡಿದ್ದಾರೆ. ಒಬ್ಬರ ಎಂಟ್ರಿಯ ದಾರಿಯಲ್ಲಿ ಮಾತ್ರ ಸ್ಪ್ರಿಂಗ್ ಕೊಡುವ ಬಿಲ್ಡರ್‌ನಿಂದ ಬಂದಿದ್ದು ಇದೆ. ನಮ್ಮಲ್ಲಿ ಸ್ಪ್ರಿಂಗ್ ಬಳಸುವ ಮೈಕ್ರೋಮೀಟರ್ ಟ್ರೇಸಿಂಗ್ ಲೈಬ್ರರಿ ಇದೆ, ಓಪನ್‌ಟೆಲಿಮೆಟ್ರಿ ಬ್ರಿಡ್ಜ್ ಜೊತೆ.

ಜಾಲರಿ

ಹಾಗಾದರೆ ಹೆಡರ್ ಎರಡು ಕಡೆ ಕಳೆಯುತ್ತಿದೆ. ಒಂದನ್ನೇ ಸರಿ ಮಾಡಿದರೆ ಏನೂ ಬದಲಾಗಲಿಲ್ಲ ಅನ್ನಿಸುತ್ತದೆ, ಅದಕ್ಕೇ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಿ.

ಮೊದಲನೆಯದು ಥ್ರೆಡ್. ಜಾವಾದಲ್ಲಿ ಈಗ ನಡೆಯುತ್ತಿರುವ ಸ್ಪ್ಯಾನ್ ಯಾವುದು ಅನ್ನುವುದು ಥ್ರೆಡ್‌ಲೋಕಲ್‌ನಲ್ಲಿ, ಅಂದ್ರೆ ಆ ಥ್ರೆಡ್‌ಗೆ ಮಾತ್ರ ಕಾಣುವ ಜಾಗದಲ್ಲಿ, ಕೂತಿರುತ್ತದೆ. ಸಪ್ಲೈಅಸಿಂಕ್ ಕೆಲಸವನ್ನು ಕಾಮನ್ ಪೂಲ್‌ನ ಬೇರೆ ಥ್ರೆಡ್‌ಗೆ ಕೊಡುತ್ತದೆ. ಅಲ್ಲಿ ಆ ಥ್ರೆಡ್‌ಲೋಕಲ್ ಖಾಲಿ. ಎರಡನೆಯದು ಕ್ಲೈಂಟ್. ಸ್ಪ್ರಿಂಗ್ ಬೂಟ್ ಟ್ರೇಸಿಂಗ್ ಜೋಡಿಸುವುದು ತನ್ನ ಬಿಲ್ಡರ್‌ನಿಂದ ಬಂದ ರೆಸ್ಟ್‌ಟೆಂಪ್ಲೇಟ್‌ಗೆ ಮಾತ್ರ. "ನ್ಯೂ" ಹಾಕಿ ಮಾಡಿದ್ದರ ಬಗ್ಗೆ ಅದಕ್ಕೆ ಸುದ್ದಿಯೇ ಇರುವುದಿಲ್ಲ.

ಕೋಡ್ ತಿದ್ದಲು ಸಮಯ ಇದ್ದರೆ ಬಿಲ್ಡರ್ ಅನ್ನು ಆ ಲೈಬ್ರರಿಗೆ ಹೊರಗಿನಿಂದ ಕೊಡಿ, ನಿಮ್ಮದೇ ಎಕ್ಸಿಕ್ಯೂಟರ್ ಮಾಡಿ ಅದನ್ನು ಓಪನ್‌ಟೆಲಿಮೆಟ್ರಿಯ ಕಾಂಟೆಕ್ಸ್ಟ್ ಟಾಸ್ಕ್‌ರ‍್ಯಾಪಿಂಗ್‌ನಲ್ಲಿ ಸುತ್ತಿ, ಸಪ್ಲೈಅಸಿಂಕ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ ಕೊಡಿ. ಹಳೆಯ ಲೈಬ್ರರಿ ಮುಟ್ಟಲು ಹತ್ತು ಜನರ ಒಪ್ಪಿಗೆ ಬೇಕು ಅನ್ನುವ ಪರಿಸ್ಥಿತಿ ಇದ್ದರೆ ಓಪನ್‌ಟೆಲಿಮೆಟ್ರಿಯ ಜಾವಾ ಏಜೆಂಟ್ ಹಾಕಿ. ಅದು ಜೆವಿಎಂ ಶುರುವಾಗುವಾಗಲೇ ಒಳಗೆ ಹೊಕ್ಕು ಎಚ್‌ಟಿಟಿಪಿ ಕ್ಲೈಂಟ್‌ಗಳನ್ನೂ, ಕಾಮನ್ ಪೂಲ್ ಸೇರಿ ಥ್ರೆಡ್ ಪೂಲ್‌ಗಳನ್ನೂ ನೋಡಿಕೊಳ್ಳುತ್ತದೆ. ನಿಮ್ಮ ಕೇಸ್‌ಗೆ ನಾನು ಏಜೆಂಟ್ ಕಡೆಗೇ ವಾಲುತ್ತೇನೆ. ಆದರೆ ಏಜೆಂಟ್ ಹಾಕಿದ ಮೇಲೆ ಮೈಕ್ರೋಮೀಟರ್‌ನ ಬ್ರಿಡ್ಜ್ ತೆಗೆಯಿರಿ. ಎರಡೂ ಇದ್ದರೆ ಪ್ರತಿ ಸ್ಪ್ಯಾನ್ ಎರಡೆರಡು ಸಲ ಬರುತ್ತದೆ.

ಏಜೆಂಟ್ ಹಾಕುವವರು ಎಡವುವ ಜಾಗ ಒಂದಿದೆ. 2.0 ಆವೃತ್ತಿಯಿಂದ ಅದು ಡೀಫಾಲ್ಟ್ ಆಗಿ ಓಟಿಎಲ್‌ಪಿಯನ್ನು (ಓಪನ್‌ಟೆಲಿಮೆಟ್ರಿ ಡೇಟಾ ಕಳಿಸುವ ಪ್ರೋಟೋಕಾಲ್) ಎಚ್‌ಟಿಟಿಪಿ ಮೇಲೆ ಕಳಿಸುತ್ತದೆ, ಅಂದ್ರೆ 4318 ಪೋರ್ಟ್. ನಿಮ್ಮ ಸೈಡ್‌ಕಾರ್‌ಗಳು ಕಳಿಸುತ್ತಿರುವುದು ಜಿಆರ್‌ಪಿಸಿ ಮೇಲೆ, 4317. ಸೈಡ್‌ಕಾರ್‌ನ ವಿಳಾಸವನ್ನೇ ಕಾಪಿ ಮಾಡಿ ಏಜೆಂಟ್‌ಗೂ ಕೊಟ್ಟರೆ ಏನೂ ಬರುವುದಿಲ್ಲ. ಕಲೆಕ್ಟರ್‌ನಲ್ಲಿ ಎರಡೂ ಪೋರ್ಟ್ ತೆರೆದಿಡಿ.

ಗೋ ಸರ್ವಿಸ್ ಈಗ ಯಾರನ್ನೂ ಕರೆಯುತ್ತಿಲ್ಲ, ಆದರೂ ಈಗಲೇ ಹೇಳಿಬಿಡುತ್ತೇನೆ. ಗೋದ ಓಪನ್‌ಟೆಲಿಮೆಟ್ರಿಯಲ್ಲಿ ಡೀಫಾಲ್ಟ್ ಪ್ರೊಪಗೇಟರ್ (ಟ್ರೇಸ್ ಹೆಡರ್ ಓದಿ ಬರೆಯುವ ಭಾಗ) ಏನೂ ಮಾಡದ ಪ್ರೊಪಗೇಟರ್. ಮೇನ್ ಫಂಕ್ಷನ್‌ನಲ್ಲೇ ಟ್ರೇಸ್ ಕಾಂಟೆಕ್ಸ್ಟ್ ಪ್ರೊಪಗೇಟರ್ ಸೆಟ್ ಮಾಡದಿದ್ದರೆ ಎಲ್ಲಾ ಲೈಬ್ರರಿ ಹಾಕಿದ್ದರೂ ಹೆಡರ್ ಓದುವುದೂ ಇಲ್ಲ, ಬರೆಯುವುದೂ ಇಲ್ಲ. ಎರರ್ ಕೂಡ ಬರುವುದಿಲ್ಲ. ಜೊತೆಗೆ ಪ್ರತಿ ಕಾಲ್‌ಗೂ ಒಳಬಂದ ರಿಕ್ವೆಸ್ಟ್‌ನ ಕಾಂಟೆಕ್ಸ್ಟ್ ಅನ್ನೇ ದಾಟಿಸಬೇಕು. ನಡುವೆ ಯಾರಾದರೂ ಕಾಂಟೆಕ್ಸ್ಟ್ ಬ್ಯಾಕ್‌ಗ್ರೌಂಡ್ ಅಂತ ಹೊಸದು ಹಾಕಿದರೆ ಎಳೆ ಅಲ್ಲೇ ಕಡಿಯಿತು.

ಇನ್ನು ಹೆಡರ್‌ನ ಭಾಷೆ. ನೀವು ಹೊಸದಾಗಿ ಹಾಕಿದ್ದರಿಂದ ತೊಂದರೆ ಇರಲಿಕ್ಕಿಲ್ಲ, ಆದರೆ ಇದನ್ನು ಓದುವ ಬೇರೆಯವರಿಗೆ ಬೇಕಾಗುತ್ತದೆ. ಇಸ್ಟಿಯೋದಲ್ಲಿ ಜಿಪ್‌ಕಿನ್ ಪ್ರೊವೈಡರ್ ಇದ್ದರೆ ಸೈಡ್‌ಕಾರ್ ಬರೆಯುವುದು ಬಿ3 ಅನ್ನುವ ಜಿಪ್‌ಕಿನ್ ಶೈಲಿಯ ಹೆಡರ್. ಓಪನ್‌ಟೆಲಿಮೆಟ್ರಿ ಪ್ರೊವೈಡರ್ ಇದ್ದರೆ ಟ್ರೇಸ್‌ಪೇರೆಂಟ್. ವೆಬ್ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಅದನ್ನು 2020ರಲ್ಲಿ ಅಧಿಕೃತ ಶಿಫಾರಸು ಮಾಡಿತು, ಓಪನ್‌ಟೆಲಿಮೆಟ್ರಿ ಲೈಬ್ರರಿಗಳಲ್ಲೂ ಅದೇ ಡೀಫಾಲ್ಟ್. ಮೆಶ್ ಬಿ3 ಮಾತಾಡಿ ಅಪ್ಲಿಕೇಶನ್ ಟ್ರೇಸ್‌ಪೇರೆಂಟ್ ಮಾತಾಡಿದರೆ ಇಬ್ಬರೂ ತಮ್ಮ ಕೆಲಸ ಸರಿಯಾಗಿ ಮಾಡಿದರೂ ಟ್ರೇಸ್ ಎರಡಾಗುತ್ತದೆ. ಮೆಶ್ ಬದಲಾಯಿಸುವ ತನಕ ಅಪ್ಲಿಕೇಶನ್ ಕಡೆ ಪ್ರೊಪಗೇಟರ್ ಪಟ್ಟಿಯಲ್ಲಿ ಎರಡನ್ನೂ ಇಟ್ಟುಕೊಳ್ಳಿ. ಇನ್ನೊಂದು: ಇಸ್ಟಿಯೋ 1.22ಕ್ಕಿಂತ ಮೊದಲು ಪ್ರೊವೈಡರ್ ಹೇಳದಿದ್ದರೂ ಇಸ್ಟಿಯೋದ ನೇಮ್‌ಸ್ಪೇಸ್‌ನಲ್ಲಿರುವ ಜಿಪ್‌ಕಿನ್‌ಗೆ ತಾನೇ ಕಳಿಸುತ್ತಿತ್ತು. 1.22ರಲ್ಲಿ ಅದನ್ನು ತೆಗೆದರು. ಅಪ್‌ಗ್ರೇಡ್ ಆದ ಮೇಲೆ ಟ್ರೇಸ್ ಪೂರ್ತಿ ನಿಂತುಹೋದವರು ಅಲ್ಲಿ ನೋಡಿ.

ಕಡಲತಡಿ

ಸ್ಯಾಂಪ್ಲಿಂಗ್ ಮತ್ತು ಕಾಫ್ಕಾ ಬಗ್ಗೆ ನಾನು ಸೇರಿಸುತ್ತೇನೆ. ನಮ್ಮಲ್ಲಿ ಇವೆರಡನ್ನೂ ಕೂತು ಮಾಡಿದ್ದೇವೆ.

ಮೆಶ್‌ನಲ್ಲಿ 1 ಪರ್ಸೆಂಟ್ ಅನ್ನು 10 ಮಾಡಿದರೆ ನಿಮ್ಮ ಸಮಸ್ಯೆ ಬಗೆಹರಿಯುವುದಿಲ್ಲ. ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವ ತೀರ್ಮಾನ ರಿಕ್ವೆಸ್ಟ್ ಗೇಟ್‌ವೇಗೆ ಬಂದ ಕ್ಷಣದಲ್ಲೇ ಆಗುತ್ತದೆ. ಅದು ನಿಧಾನ ಆಗುತ್ತದೋ ಇಲ್ಲವೋ ಆಗ ಯಾರಿಗೆ ಗೊತ್ತು? ಒಳಗಿನ ಸರ್ವಿಸ್‌ಗಳು ಹೆಡರ್‌ನ ಕೊನೆಯ 01 ಅಥವಾ 00 ನೋಡಿ ಅದನ್ನೇ ಪಾಲಿಸುತ್ತವೆ, ಅದಕ್ಕೇ ಒಳಗಿನ ಸರ್ವಿಸ್‌ಗೆ ಬೇರೆ ಪರ್ಸೆಂಟೇಜ್ ಕೊಟ್ಟರೂ ಉಪಯೋಗ ಕಡಿಮೆ.

ನಿಮ್ಮ ಟ್ರಾಫಿಕ್‌ಗೆ ಸರಿಹೋಗುವುದು ಟೇಲ್ ಸ್ಯಾಂಪ್ಲಿಂಗ್. ಮೆಶ್‌ನಲ್ಲಿ 100 ಪರ್ಸೆಂಟ್ ಕೊಟ್ಟು ಎಲ್ಲವನ್ನೂ ಕಲೆಕ್ಟರ್‌ಗೆ ಕಳಿಸಿ. ಕಲೆಕ್ಟರ್ ಒಂದು ಟ್ರೇಸ್‌ನ ಸ್ಪ್ಯಾನ್‌ಗಳು ಬರುವ ತನಕ ಕಾದು, ಆಮೇಲೆ ತೀರ್ಮಾನಿಸುತ್ತದೆ. ಎರರ್ ಇದ್ದರೆ ಇಟ್ಟುಕೋ, ಒಂದು ಸೆಕೆಂಡ್ ದಾಟಿದ್ದರೆ ಇಟ್ಟುಕೋ, ಉಳಿದಿದ್ದರಲ್ಲಿ ನೂರಕ್ಕೆ ಐದು ಇಟ್ಟುಕೋ ಅಂತ ನಿಯಮ (ಪಾಲಿಸಿ) ಬರೆಯಬಹುದು. ಕಾಯುವ ಸಮಯ ಡೀಫಾಲ್ಟ್ 30 ಸೆಕೆಂಡ್. ಅಷ್ಟು ಹೊತ್ತಿನ ಎಲ್ಲಾ ಸ್ಪ್ಯಾನ್‌ಗಳೂ ಮೆಮೊರಿಯಲ್ಲಿ ಇರುತ್ತವೆ. ನಿಮ್ಮ ರಿಕ್ವೆಸ್ಟ್‌ಗಳು ಐದು ಸೆಕೆಂಡ್‌ನಲ್ಲಿ ಮುಗಿಯುತ್ತವೆ ಅಂದ್ರೆ ಅದನ್ನು ಹತ್ತಕ್ಕೆ ಇಳಿಸಿ, ಮೆಮೊರಿ ಉಳಿಯುತ್ತದೆ.

ಕಲೆಕ್ಟರ್ ಪಾಡ್ ಒಂದೇ ಇದ್ದರೆ ಇಷ್ಟು ಸಾಕು. ಎರಡು ಮೂರು ಮಾಡಿದ ಕೂಡಲೇ ಒಂದೇ ಟ್ರೇಸ್‌ನ ಸ್ಪ್ಯಾನ್‌ಗಳು ಬೇರೆ ಬೇರೆ ಪಾಡ್‌ಗೆ ಹೋಗುತ್ತವೆ. ಪ್ರತಿಯೊಂದೂ ಅರ್ಧ ಟ್ರೇಸ್ ನೋಡಿ ತನ್ನದೇ ತೀರ್ಮಾನ ಮಾಡುತ್ತದೆ. ಆಗ ಮತ್ತೆ ತುಂಡು ಟ್ರೇಸ್ ಕಾಣಿಸುತ್ತದೆ, ಜನ ಮತ್ತೆ ಹೆಡರ್ ಹುಡುಕಲು ಹೊರಡುತ್ತಾರೆ. ಅವುಗಳ ಮುಂದೆ ಇನ್ನೊಂದು ಸಾಲು ಕಲೆಕ್ಟರ್ ಇಟ್ಟು, ಲೋಡ್‌ಬ್ಯಾಲೆನ್ಸಿಂಗ್ ಎಕ್ಸ್‌ಪೋರ್ಟರ್‌ನಿಂದ ಟ್ರೇಸ್ ಐಡಿ ಪ್ರಕಾರ ಹಂಚಿ. ಒಂದು ಐಡಿಯ ಸ್ಪ್ಯಾನ್‌ಗಳೆಲ್ಲಾ ಒಂದೇ ಪಾಡ್‌ಗೆ ಹೋಗಬೇಕು.

ಯೇಗರ್ ಆಲ್‌-ಇನ್‌-ಒನ್ ಓಡಿಸುತ್ತಿದ್ದರೆ ಡೀಫಾಲ್ಟ್ ಆಗಿ ಟ್ರೇಸ್‌ಗಳು ಮೆಮೊರಿಯಲ್ಲೇ ಇರುತ್ತವೆ, ಪಾಡ್ ರೀಸ್ಟಾರ್ಟ್ ಆದರೆ ಹೋಯಿತು. ಪ್ರೊಡಕ್ಷನ್‌ಗೆ ಬೇರೆ ಸ್ಟೋರೇಜ್ ಕೊಡಿ.

ಕಾಫ್ಕಾ ವಿಷಯದಲ್ಲಿ ಮೆಶ್‌ನಿಂದ ಸಹಾಯ ನಿರೀಕ್ಷಿಸಬೇಡಿ. ಸೈಡ್‌ಕಾರ್‌ಗೆ ಅದು ಬರೀ ಟಿಸಿಪಿ. ಖಾತೆ ಸರ್ವಿಸ್ ಮೆಸೇಜ್ ಹಾಕುವಾಗ ಟ್ರೇಸ್‌ಪೇರೆಂಟ್ ಅನ್ನು ಆ ರೆಕಾರ್ಡ್‌ನ ಹೆಡರ್‌ನಲ್ಲಿ ಇಡಬೇಕು. ಕಾಫ್ಕಾ ರೆಕಾರ್ಡ್‌ಗೆ ಹೆಡರ್ ಬಂದಿದ್ದು 2017ರ 0.11 ಆವೃತ್ತಿಯಲ್ಲಿ, ಈಗ ಎಲ್ಲರಲ್ಲೂ ಇದೆ. ಜಾವಾ ಏಜೆಂಟ್ ಹಾಕಿದರೆ ಬರೆಯುವ ಕಡೆ ತಾನೇ ಆಗುತ್ತದೆ. ಓದುವ ಕಡೆ ನೋಡ್‌ನಲ್ಲಿ ಕಾಫ್ಕಾಜೆಎಸ್ ಬಳಸುತ್ತಿದ್ದರೆ ಅದಕ್ಕೆ ಓಪನ್‌ಟೆಲಿಮೆಟ್ರಿಯ ಇನ್‌ಸ್ಟ್ರುಮೆಂಟೇಶನ್ ಪ್ಯಾಕೇಜ್ ಇದೆ. ಬ್ಯಾಚ್ ಆಗಿ ಓದುತ್ತಿದ್ದರೆ ಒಂದು ಬ್ಯಾಚ್‌ನಲ್ಲಿ ಐವತ್ತು ರೈತರ ಐವತ್ತು ಟ್ರೇಸ್ ಇರುತ್ತದೆ. ಒಂದೇ ಸ್ಪ್ಯಾನ್‌ಗೆ ಐವತ್ತು ತಂದೆಯರು ಇರಲಾಗದು. ಆಗ ಬಳಸುವುದು ಸ್ಪ್ಯಾನ್ ಲಿಂಕ್, ಅಂದ್ರೆ ತಂದೆ ಅಲ್ಲದಿದ್ದರೂ ಸಂಬಂಧ ಇದೆ ಅಂತ ತೋರಿಸುವ ಕೊಂಡಿ.

ಧಾರವಾಡದವ

100 ಪರ್ಸೆಂಟ್ ಆನ್ ಮಾಡುವ ಮೊದಲು ಒಂದು ಮಾತು, ದಯವಿಟ್ಟು ಇದನ್ನು ಮುಂದಕ್ಕೆ ಹಾಕಬೇಡ್ರಿ. ಎನ್ವಾಯ್ ಸ್ಪ್ಯಾನ್‌ನಲ್ಲಿ ಯುಆರ್‌ಎಲ್ ಅನ್ನು ಕ್ವೆರಿ ಸಮೇತ ಇಡುತ್ತದೆ. ನಿಮ್ಮ ಯಾವುದಾದರೂ ಯುಆರ್‌ಎಲ್‌ನಲ್ಲಿ ರೈತರ ಮೊಬೈಲ್ ನಂಬರ್ ಅಥವಾ ಬ್ಯಾಂಕ್ ಖಾತೆ ನಂಬರ್ ಇದ್ದರೆ ಅದು ನೇರವಾಗಿ ಯೇಗರ್‌ಗೆ ಹೋಗಿ ಕೂರುತ್ತದೆ. ಯೇಗರ್‌ಗೆ ಲಾಗಿನ್ ಹಾಕಿದ ತಂಡ ನಾನು ಕಂಡಿದ್ದು ಕಡಿಮೆ. ಡೆವಲಪರ್‌ಗಳೆಲ್ಲಾ ನೋಡಬಹುದು. ಆ ನಂಬರ್ ರೈತರು ನಿಮ್ಮನ್ನು ನಂಬಿ ಕೊಟ್ಟಿದ್ದು. ಕಾನೂನೂ ಇದೆ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಕಲೆಕ್ಟರ್‌ನಲ್ಲಿ ಆ್ಯಟ್ರಿಬ್ಯೂಟ್ಸ್ ಪ್ರೊಸೆಸರ್ ಇಟ್ಟು ಅಂಥದ್ದನ್ನು ಅಳಿಸಿ ಅಥವಾ ಹ್ಯಾಶ್ ಮಾಡಿ. ಯುಆರ್‌ಎಲ್‌ನಿಂದಲೇ ತೆಗೆದು ರಿಕ್ವೆಸ್ಟ್ ಬಾಡಿಯೊಳಗೆ ಹಾಕಿದರೆ ಇನ್ನೂ ಒಳ್ಳೆಯದು.

ಹಾಲಿನ_ಕೋಡು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೋರ್ಟ್ ಹೆಸರು ಬದಲಾಯಿಸಿದೆವು. ಎರಡೂ ಜಾವಾ ಸರ್ವಿಸ್‌ಗೆ ಏಜೆಂಟ್ ಹಾಕಿ ಬ್ರಿಡ್ಜ್ ತೆಗೆದೆವು. ಒಂದು ಹಳೆಯ ಎಂಡ್‌ಪಾಯಿಂಟ್‌ನಲ್ಲಿ ಮೊಬೈಲ್ ನಂಬರ್ ಕ್ವೆರಿಯಲ್ಲಿ ಇತ್ತು, ಕಲೆಕ್ಟರ್‌ನಲ್ಲೇ ಅಳಿಸುವ ಹಾಗೆ ಮಾಡಿ, ಆಮೇಲೆ 100 ಪರ್ಸೆಂಟ್ ಮತ್ತು ಟೇಲ್ ಸ್ಯಾಂಪ್ಲಿಂಗ್ ಆನ್ ಮಾಡಿದೆವು.

ಈಗ ಗೇಟ್‌ವೇಯಿಂದ ಎಸ್‌ಎಂಎಸ್ ತನಕ ಒಂದೇ ಟ್ರೇಸ್. ನಿಧಾನಕ್ಕೆ ಕಾರಣವೂ ಅದರಲ್ಲೇ ಇತ್ತು. ಒಟ್ಟಿಗೆ ಬಂದ ಎಂಟ್ರಿಗಳ ಟ್ರೇಸ್ ತೆರೆದರೆ ದರ ಸರ್ವಿಸ್‌ನ ಸ್ಪ್ಯಾನ್‌ಗಳು ಮೆಟ್ಟಿಲಿನ ಹಾಗೆ ಕೆಳಗಿಳಿಯುತ್ತವೆ. ಒಂದು ಮೆಟ್ಟಿಲಿಗೆ ಮೂರು ಸ್ಪ್ಯಾನ್, ಅವು ಮುಗಿದ ಮೇಲೆ ಇನ್ನು ಮೂರು. ಒಂದೊಂದೂ ಬೇಗ ಮುಗಿಯುತ್ತದೆ, ಆದರೆ ಮೆಟ್ಟಿಲು ಬಹಳ ಉದ್ದ. ದರ ಸರ್ವಿಸ್ ನಿಧಾನ ಅಂತ ನಾವು ಅದಕ್ಕೆ ಪಾಡ್ ಹೆಚ್ಚಿಸುತ್ತಾ ಕೂತಿದ್ದೆವು. ಯಾಕೆ ಮೂರೇ ಅಂತ ಗೊತ್ತಾಗಲಿಲ್ಲ.

ಇನ್ನೊಂದು ಸಣ್ಣ ತೊಂದರೆ. ಯೇಗರ್ ತುಂಬಾ ಈಗ ಹೆಲ್ತ್ ಚೆಕ್‌ನ ಒಂಟಿ ಟ್ರೇಸ್‌ಗಳು. ಮೊದಲು ಇರಲಿಲ್ಲ. ಮೆಶ್‌ನಲ್ಲಿ ನಿಲ್ಲಿಸಲು ನೋಡಿದೆ, ಆಗಲಿಲ್ಲ.

ಜಾಲರಿ

ಬಹಳ ಸಂತೋಷ ಆಯಿತು. ನಿಮ್ಮ ಸಂಗ್ರಹ ಪಾಡ್‌ಗೆ ನಾಲ್ಕು ಸಿಪಿಯು ಲಿಮಿಟ್ ಇರಬೇಕು, ನೋಡಿ. ಕಾಮನ್ ಪೂಲ್‌ನ ಅಗಲ ಜೆವಿಎಂಗೆ ಕಾಣುವ ಸಿಪಿಯುಗಿಂತ ಒಂದು ಕಡಿಮೆ. ಅದಕ್ಕೇ ಮೂರು. ಸಿಪಿಯು ಲೆಕ್ಕ ಹಾಕುವ ಕೆಲಸಕ್ಕೆ ಆ ಪೂಲ್ ಸರಿ. ನೆಟ್‌ವರ್ಕ್ ಉತ್ತರಕ್ಕೆ ಕಾಯುವ ಕೆಲಸ ಕೊಟ್ಟರೆ ಮೂರು ಥ್ರೆಡ್‌ಗಳೂ ಸುಮ್ನೆ ಕಾಯುತ್ತಾ ನಿಲ್ಲುತ್ತವೆ. ದೊಡ್ಡ ಪೂಲ್ ಹಾಕಿದರೆ ಮೆಟ್ಟಿಲು ಚಿಕ್ಕದಾಗುತ್ತದೆ, ಆದರೆ ನಾನಾದರೆ ಹಾಗೆ ಮಾಡುವುದಿಲ್ಲ. ದರ ಸರ್ವಿಸ್‌ಗೆ ಎಲ್ಲಾ ಎಂಟ್ರಿಗಳ ಫ್ಯಾಟ್, ಎಸ್‌ಎನ್‌ಎಫ್ ಒಂದೇ ಕಾಲ್‌ನಲ್ಲಿ ಕಳಿಸುವ ಎಂಡ್‌ಪಾಯಿಂಟ್ ಮಾಡಿ. ಮೆಟ್ಟಿಲೇ ಇರುವುದಿಲ್ಲ.

ಹೆಲ್ತ್ ಚೆಕ್ ಟ್ರೇಸ್‌ಗಳು ಮೆಶ್‌ನಿಂದ ಬರುತ್ತಿಲ್ಲ, ಅದಕ್ಕೇ ಅಲ್ಲಿ ನಿಲ್ಲಿಸಲಾಗಲಿಲ್ಲ. ಇಸ್ಟಿಯೋ ಕುಬರ್ನೆಟಿಸ್‌ನ ಎಚ್‌ಟಿಟಿಪಿ ಪ್ರೋಬ್‌ಗಳನ್ನು (ಹೆಲ್ತ್ ಚೆಕ್ ಕರೆಗಳನ್ನು) ತಿದ್ದಿ ಸೈಡ್‌ಕಾರ್ ಕಂಟೇನರ್‌ನಲ್ಲಿರುವ ಪೈಲಟ್ ಏಜೆಂಟ್ ಕಡೆಗೆ ತಿರುಗಿಸುತ್ತದೆ, ಅದು ಎನ್ವಾಯ್ ಬಿಟ್ಟು ನೇರವಾಗಿ ನಿಮ್ಮ ಅಪ್ಲಿಕೇಶನ್ ಅನ್ನು ಕೇಳುತ್ತದೆ. ಸ್ಪ್ಯಾನ್ ಮಾಡುತ್ತಿರುವುದು ನೀವು ಈಗ ಹಾಕಿದ ಜಾವಾ ಏಜೆಂಟ್. ಕಲೆಕ್ಟರ್‌ನಲ್ಲಿ ಟೇಲ್ ಸ್ಯಾಂಪ್ಲಿಂಗ್‌ಗಿಂತ ಮೊದಲು ಫಿಲ್ಟರ್ ಪ್ರೊಸೆಸರ್ ಇಟ್ಟು, ಯುಆರ್‌ಎಲ್ ಪಾತ್ ಹೆಲ್ತ್ ಚೆಕ್‌ನದಾಗಿದ್ದರೆ ಬಿಸಾಡಿ ಅಂತ ಬರೆಯಿರಿ. ಅವು ಒಂಟಿ ಸ್ಪ್ಯಾನ್ ಆಗಿರುವ ತನಕ ಬಿಸಾಡಿದರೆ ಯಾವ ಟ್ರೇಸೂ ಮುರಿಯುವುದಿಲ್ಲ. ಹೆಲ್ತ್ ಚೆಕ್ ಒಳಗೆ ಡೇಟಾಬೇಸ್ ಮುಟ್ಟುತ್ತಿದ್ದರೆ ಮಾತ್ರ ಆ ಡೇಟಾಬೇಸ್ ಸ್ಪ್ಯಾನ್ ಅನಾಥವಾಗಿ ಉಳಿಯುತ್ತದೆ. ಆಗ ಫಿಲ್ಟರ್ ಬದಲು ಟೇಲ್ ಸ್ಯಾಂಪ್ಲಿಂಗ್ ಪಾಲಿಸಿಯಲ್ಲೇ ಆ ಪಾತ್ ಇರುವ ಟ್ರೇಸ್ ಅನ್ನು ಪೂರ್ತಿಯಾಗಿ ಬಿಡಿ.